ಹೆಸರು ಹೇಳದೆ ನೆರವಾದವರಿಗೆ

ಎಸ್‌ಎಎ7134 ಚಿಪ್ಪಿನ ಹಳೆಯ ಟಿವಿ ಕಾರ್ಡ್ (ಕಂಪ್ಯೂಟರಿನಲ್ಲಿ ಟಿವಿ ನೋಡಲು ಒಳಗೆ ಕೂರಿಸುವ ಬೋರ್ಡ್) ಲಿನಕ್ಸ್‌ನಲ್ಲಿ ಕಪ್ಪು ಪರದೆ ಮಾತ್ರ ತೋರಿಸುತ್ತಿದ್ದಾಗ ದಾರಿ ಹೇಳಿದ ಮಹನೀಯರೇ, ತುಂಬು ಧನ್ಯವಾದಗಳು.

ಡ್ರೈವರ್ ಮುಟ್ಟಬೇಡಿ, ಮೊದಲು ಕರ್ನೆಲ್ ಲಾಗ್ (ಲಿನಕ್ಸಿನ ತಿರುಳು ಬರೆದಿಡುವ ದಿನಚರಿ) ಓದಿ ಎಂದಿರಿ. ಉತ್ತರ ಅಲ್ಲೇ ಇತ್ತು: ಕಾರ್ಡ್ ಸಂಖ್ಯೆ 0, ಅಂದರೆ ಗುರುತು ಸಿಗದ ಕಾರ್ಡ್. ಅಗ್ಗದ ಕಾರ್ಡ್‌ಗಳಲ್ಲಿ ಗುರುತು ಬರೆದಿಡುವ ಪುಟ್ಟ ನೆನಪಿನ ಚಿಪ್ಪು, ಇಇಪ್ರಾಮ್, ಎಷ್ಟೋ ಸಲ ಇರುವುದೇ ಇಲ್ಲ. ಆಗ ಬೋರ್ಡಿನ ಮೇಲಿರುವ ಮಾಡೆಲ್ ಹೆಸರು, ಚಾನೆಲ್ ಹಿಡಿಯುವ ಟ್ಯೂನರ್ ಡಬ್ಬಿಯ ಸ್ಟಿಕರ್ ಎರಡನ್ನೂ ನೋಡಿ, ಕರ್ನೆಲ್ ದಾಖಲೆಯ ಪಟ್ಟಿಯಿಂದ ಕಾರ್ಡ್, ಟ್ಯೂನರ್ ಸಂಖ್ಯೆಗಳನ್ನು ಹೆಕ್ಕಿ ಡ್ರೈವರ್ ಆಯ್ಕೆಗಳನ್ನಿಡುವ ಮಾಡ್‌ಪ್ರೋಬ್ ಫೋಲ್ಡರಿನ ಫೈಲಿಗೆ ಬರೆಯಬೇಕು. ಫೈಲಿನ ಹೆಸರಿನ ಕೊನೆಗೆ 'ಡಾಟ್ ಕಾನ್ಫ್' ಇಲ್ಲದಿದ್ದರೆ ಅದನ್ನು ಓದುವುದೇ ಇಲ್ಲ. ಈ ಒಂದು ಮಾತಿಗೇ ನಿಮಗೆ ಕಾಫಿ ಕೊಡಿಸಬೇಕು. ಹೊಸ ಸಂಖ್ಯೆ ಜಾರಿಗೆ ಬರಲು ಮಾಡ್ಯೂಲ್ (ಡ್ರೈವರಿನ ತುಂಡು) ತೆಗೆಯುವಾಗ ಮೊದಲು ಸದ್ದು ನೋಡಿಕೊಳ್ಳುವ ಆಲ್ಸಾ ಭಾಗ, ಆಮೇಲೆ ಮುಖ್ಯ ಮಾಡ್ಯೂಲ್. ತಿರುಗಾಮುರುಗಾ ಮಾಡಿದರೆ 'ಬಳಕೆಯಲ್ಲಿದೆ' ಎಂದು ಹಠ ಹಿಡಿಯುತ್ತದೆ.

ಸೆಟ್‌ಟಾಪ್ ಬಾಕ್ಸಿನ ಹಳದಿ ಕೇಬಲ್ ಹಾಕಿದರೆ ಟ್ಯೂನರ್ ಗೊಡವೆಯೇ ಬೇಡ: ಇನ್‌ಪುಟ್ ಕಾಂಪೋಸಿಟ್, ಸ್ಟ್ಯಾಂಡರ್ಡ್ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್, ಅಳತೆ 720×576. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಉಳಿದುಕೊಂಡಿದೆ ಎಂದೇ ಮೊದಲ ಅನುಮಾನ.

ಚಿತ್ರ ಬಂದರೂ ಸದ್ದಿಲ್ಲದ ಕಾರಣವನ್ನೂ ನೀವೇ ಬಿಡಿಸಿದಿರಿ. ಈ ಕಾರ್ಡ್ ಲಿನಕ್ಸಿಗೆ ಬೇರೊಂದು ರೆಕಾರ್ಡಿಂಗ್ ಸಾಧನವಾಗಿ ಕಾಣುತ್ತದೆ. ಟಿವಿ ತೋರಿಸುವ ತಂತ್ರಾಂಶ ಟಿವಿಟೈಮ್‌ನ ಹಳೆಯ ಆವೃತ್ತಿಗಳು ಅದನ್ನು ತಾನಾಗಿ ನುಡಿಸವು. ಸದ್ದು ಹಿಡಿಯುವ ಎರೆಕಾರ್ಡ್ ಆದೇಶದಿಂದ ನುಡಿಸುವ ಎಪ್ಲೇ ಆದೇಶಕ್ಕೆ ಪೈಪ್ ಹಾಕಿದರೆ, ಅಂದರೆ ಒಂದರಿಂದ ಇನ್ನೊಂದಕ್ಕೆ ಹರಿಸಿದರೆ, ಸದ್ದು ಬರುತ್ತದೆ. 7130 ಚಿಪ್ಪಿನವರಿಗೆ ಈ ಉಪಾಯ ನಡೆಯದು, ಅವರು ಸೌಂಡ್ ಕಾರ್ಡಿನ ಲೈನ್‌ಇನ್‌ಗೆ ತಂತಿ ಎಳೆಯಬೇಕು.