ಸ್ಮೋಕರ್ ಹೊಳೆಯಬೇಕಾಗಿಲ್ಲ, ಶುಚಿಯಾಗಿರಬೇಕು

ಮಾರ್ಚ್ ಕೊನೆಗೆ ರಸ್ತೆಬದಿಯಲ್ಲಿ ಬ್ಲೂಬಾನೆಟ್ ಹೂಗಳು ಅರಳುವ ಹೊತ್ತಿಗೆ ಮಧ್ಯ ಟೆಕ್ಸಸ್‌ನ ಹಿತ್ತಿಲುಗಳಲ್ಲಿ ಓಕ್ ಸೌದೆಯ ಹೊಗೆ ಏಳತೊಡಗುತ್ತದೆ. ನಮ್ಮ ಸಂಘದ ಅನೇಕ ಸದಸ್ಯರ ಮನೆಗಳಲ್ಲಿ ಈಗ ಸ್ಮೋಕರ್, ಎಂದರೆ ಸೌದೆಯ ಹೊಗೆ ಮತ್ತು ಕಾವಿನಲ್ಲಿ ಆಹಾರವನ್ನು ನಿಧಾನವಾಗಿ ಬೇಯಿಸುವ ಮುಚ್ಚಳದ ಒಲೆ, ಇದೆ. ಸಂಘದ್ದೇ ಆದ, ಬೆಂಕಿಯ ಪೆಟ್ಟಿಗೆ ಪಕ್ಕದಲ್ಲಿರುವ ದೊಡ್ಡ ಆಫ್‌ಸೆಟ್ ಸ್ಮೋಕರ್ ಕೂಡ ಯುಗಾದಿಯಿಂದ ದೀಪಾವಳಿಯವರೆಗೆ ಮನೆಯಿಂದ ಮನೆಗೆ ಸುತ್ತುತ್ತಿರುತ್ತದೆ. ಯಾವ ಸೌದೆ ಒಳ್ಳೆಯದು, ಮಾಂಸಕ್ಕೆ ಮೆಣಸು ಎಷ್ಟು ಸವರಬೇಕು, ಪನೀರನ್ನು ಎಷ್ಟು ಹೊತ್ತು ಹೊಗೆಯಲ್ಲಿಡಬೇಕು ಎಂಬ ಚರ್ಚೆಗೆ ನಮ್ಮಲ್ಲಿ ಕೊರತೆಯಿಲ್ಲ. ಊಟ ಮುಗಿದ ಮೇಲೆ ಆ ಒಲೆಯನ್ನು ಏನು ಮಾಡಬೇಕು ಎಂಬ ಬಗ್ಗೆ ಮಾತ್ರ ಮಾತು ಕಡಿಮೆ. ಬೇಸಿಗೆಯ ಕೂಟಗಳು ಶುರುವಾಗುವ ಮುನ್ನ ಈ ಸಂಚಿಕೆಯ ಸಂಪಾದಕೀಯವನ್ನು ಆ ವಿಷಯಕ್ಕೇ ಮೀಸಲಿಡುತ್ತಿದ್ದೇನೆ.

ಈ ಸೀಮೆಯಲ್ಲಿ ಹೊಗೆಯ ಅಡುಗೆ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳಲ್ಲಿ. ಆಸ್ಟಿನ್‌ನ ದಕ್ಷಿಣಕ್ಕಿರುವ ಲಾಕ್‌ಹಾರ್ಟ್ ಪಟ್ಟಣದ ಹಳೆಯ ಅಂಗಡಿಗಳಲ್ಲಿ ಇಟ್ಟಿಗೆಯ ಒಲೆಗಳು ದಶಕಗಳಿಂದ ಉರಿಯುತ್ತಿವೆ. ಅವುಗಳ ಗೋಡೆಗಳು ಕಪ್ಪಗೆ ಮಿರುಗುವುದನ್ನು ಕಂಡು ಬಂದವರು, ಸ್ಮೋಕರನ್ನು ತೊಳೆಯಲೇಬಾರದು, ಮಸಿ ಕಟ್ಟಿದಷ್ಟೂ ರುಚಿ ಹೆಚ್ಚು ಎಂದು ತೀರ್ಮಾನಿಸಿಬಿಡುತ್ತಾರೆ. ಇನ್ನು ಕೆಲವರು, ಅಡುಗೆಮನೆಯಲ್ಲಿ ಶುಚಿಗೆ ಹೆಸರಾದವರು, ಸೋಪು ಮತ್ತು ಓವನ್ ಕ್ಲೀನರ್ ಹಾಕಿ ಒಳಗೋಡೆಯ ಉಕ್ಕು ಕಾಣುವವರೆಗೆ ಉಜ್ಜುತ್ತಾರೆ. ಎರಡೂ ತಪ್ಪು. ಸ್ಮೋಕರಿನ ಒಳಗೆ ಉಳಿಸಿಕೊಳ್ಳಬೇಕಾದ ಕಪ್ಪು ಒಂದಿದೆ, ತೆಗೆದುಹಾಕಬೇಕಾದ ಕಪ್ಪು ಇನ್ನೊಂದಿದೆ. ಇವೆರಡರ ವ್ಯತ್ಯಾಸ ತಿಳಿದರೆ ಆರೈಕೆಯ ಮುಕ್ಕಾಲು ಪಾಲು ತಿಳಿದಂತೆ.

ಉಳಿಸಿಕೊಳ್ಳಬೇಕಾದದ್ದು ಎಣ್ಣೆ ಮತ್ತು ಕೊಬ್ಬು ಕಾವಿನಲ್ಲಿ ಗಟ್ಟಿಯಾಗಿ ಉಕ್ಕಿಗೆ ಅಂಟಿಕೊಂಡ ತೆಳುವಾದ, ನಯವಾದ, ಬೆರಳಿಗೆ ಹತ್ತದ ಪದರ. ನಮ್ಮ ಮನೆಗಳಲ್ಲಿ ಹೊಸ ಕಬ್ಬಿಣದ ದೋಸೆ ಕಾವಲಿಯನ್ನು ಎಣ್ಣೆ ಸವರಿ ಪಳಗಿಸುವಂತೆಯೇ ಹೊಸ ಸ್ಮೋಕರಿನ ಒಳಮೈಗೂ ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ, 250ರಿಂದ 275 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 120ರಿಂದ 135 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎರಡು ಮೂರು ಗಂಟೆ ಖಾಲಿಯಾಗಿ ಉರಿಸಬೇಕು. ಆ ಪದರವೇ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ಸೋಪು ಹಾಕಿ ಉಜ್ಜಿದವರು ಕಳೆದುಕೊಳ್ಳುವುದು ಇದನ್ನೇ.

ತೆಗೆದುಹಾಕಬೇಕಾದ ಕಪ್ಪು ಬೇರೆ ಜಾತಿಯದು. ಹಸಿ ಸೌದೆ ಹಾಕಿದಾಗ, ಇಲ್ಲವೇ ಗಾಳಿಯ ಕಿಂಡಿಗಳನ್ನು ಮುಚ್ಚಿ ಬೆಂಕಿಯನ್ನು ಉಸಿರು ಕಟ್ಟಿಸಿದಾಗ ಸೌದೆ ಪೂರ್ತಿ ಉರಿಯದೆ ದಟ್ಟ ಬಿಳಿ ಹೊಗೆ ಕಾರುತ್ತದೆ. ಆ ಹೊಗೆಯಲ್ಲಿರುವ ಟಾರಿನಂಥ ಅಂಶಗಳು ತಂಪಾದ ಲೋಹಕ್ಕೆ ತಾಗಿ ಜಿಡ್ಡಾಗಿ ಇಳಿಯುತ್ತವೆ. ಇದನ್ನು ಕ್ರಿಯೊಸೋಟ್ ಎನ್ನುತ್ತಾರೆ. ಮುಟ್ಟಿದರೆ ಅಂಟುತ್ತದೆ, ಮೂಸಿದರೆ ಡಾಂಬರಿನ ವಾಸನೆ, ಇದರ ಹೊಗೆ ತಾಗಿದ ಆಹಾರಕ್ಕೆ ನಾಲಗೆಯನ್ನು ಮರಗಟ್ಟಿಸುವ ಕಹಿ. ಇದು ದಪ್ಪಗಾದಾಗ ಮುಚ್ಚಳದ ಒಳಭಾಗದಿಂದ ಚಕ್ಕೆಚಕ್ಕೆಯಾಗಿ, ಮಲೆನಾಡಿನ ಅಡುಗೆಮನೆಯ ಜಂತಿಗಳಿಂದ ಇಲ್ಲಣ ಉದುರಿದಂತೆ, ಊಟದ ಮೇಲೆಯೇ ಉದುರುತ್ತದೆ. ಮುಚ್ಚಳದ ಬಣ್ಣ ಕಿತ್ತುಬರುತ್ತಿದೆ ಎಂದು ಹೆದರಿ ಕೆಲವರು ಸ್ಮೋಕರನ್ನೇ ಬದಲಿಸಲು ಹೊರಟದ್ದುಂಟು. ಹೆಚ್ಚಿನ ಸ್ಮೋಕರುಗಳ ಒಳಗೆ ಬಣ್ಣವೇ ಇರುವುದಿಲ್ಲ. ಉದುರುವುದು ಸುಟ್ಟ ಜಿಡ್ಡು ಮತ್ತು ಮಸಿ. ಅಗಲವಾದ ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಹಲಗೆಯಿಂದ ಕೆರೆದು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೆ ಬೆಂಕಿಯನ್ನು ಸರಿಯಾಗಿ ಉರಿಸುವುದೇ ಇದಕ್ಕೆ ನಿಜವಾದ ಮದ್ದು. ತಿಂಗಳುಗಟ್ಟಲೆ ಒಣಗಿದ ಸೌದೆ, ಪೂರ್ತಿ ತೆರೆದಿಟ್ಟ ಹೊಗೆಕೊಳವೆ, ಸಣ್ಣದಾದರೂ ಜ್ವಾಲೆಯಿರುವ ಬೆಂಕಿ, ಕಂಡೂ ಕಾಣದಂಥ ತೆಳು ನೀಲಿ ಹೊಗೆ: ಇಷ್ಟನ್ನು ಸಾಧಿಸಿದವರಿಗೆ ಕೆರೆಯುವ ಕೆಲಸ ಅರ್ಧಕ್ಕರ್ಧ ತಗ್ಗುತ್ತದೆ.

ಇನ್ನು ಬೂದಿ. ಸ್ಮೋಕರುಗಳನ್ನು ಹಾಳುಮಾಡುವುದರಲ್ಲಿ ಮಳೆಗಿಂತ ಬೂದಿಯ ಪಾಲು ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೌದೆಯ ಬೂದಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದರಲ್ಲಿರುವ ಪೊಟ್ಯಾಸಿಯಮ್ ಲವಣಗಳು ನೀರಿನಲ್ಲಿ ಕರಗಿ ಕಟುವಾದ ಕ್ಷಾರವಾಗುತ್ತವೆ. ಹಿಂದೆ ನಮ್ಮ ಅಜ್ಜಿಯಂದಿರು ಬೂದಿಯಿಂದ ಪಾತ್ರೆ ಬೆಳಗುತ್ತಿದ್ದುದು ಜಿಡ್ಡನ್ನು ಕರಗಿಸುವ ಈ ಗುಣದಿಂದಲೇ. ಫೈರ್‌ಬಾಕ್ಸಿನ, ಎಂದರೆ ಬೆಂಕಿ ಉರಿಯುವ ಪೆಟ್ಟಿಗೆಯ, ತಳದಲ್ಲಿ ಒದ್ದೆ ಬೂದಿ ವಾರಗಟ್ಟಲೆ ಕುಳಿತರೆ ಅದೇ ಕ್ಷಾರವು ಕಾಯುವ ಪದರವನ್ನು ಕಿತ್ತು, ಬರಿದಾದ ಉಕ್ಕಿಗೆ ಸದಾ ತೇವವನ್ನು ಒತ್ತಿ ಹಿಡಿದು, ಮೇಲಿನಿಂದ ಏನೂ ಕಾಣದಂತೆ ಒಳಗೊಳಗೇ ತುಕ್ಕು ಹಿಡಿಸುತ್ತದೆ. ಗಲ್ಫ್ ಕಡೆಯಿಂದ ತೇವದ ಗಾಳಿ ಬೀಸುವ ಇಲ್ಲಿನ ವಸಂತದಲ್ಲಿ ಇದಕ್ಕೆ ಮಳೆಯೇ ಬೀಳಬೇಕೆಂದಿಲ್ಲ, ರಾತ್ರಿಯ ಇಬ್ಬನಿಯೇ ಸಾಕು. ತೆಳು ತಗಡಿನ ಅಗ್ಗದ ಸ್ಮೋಕರುಗಳ ಫೈರ್‌ಬಾಕ್ಸ್ ಕೆಲವೇ ವರ್ಷಗಳಲ್ಲಿ ತೂತಾಗುವುದಕ್ಕೆ ಮುಖ್ಯ ಕಾರಣ ಇದು. ಆದ್ದರಿಂದ ಪ್ರತಿ ಬಾರಿ ಬೇಯಿಸಿದ ಮೇಲೂ, ಮುಂದಿನ ಸಲಕ್ಕೆಂದು ಬಿಡದೆ, ಬೂದಿ ತೆಗೆಯಬೇಕು. ಬೂದಿ ತಳದಲ್ಲಿ ತುಂಬಿಕೊಂಡರೆ ಸೌದೆಗೆ ಕೆಳಗಿನಿಂದ ಗಾಳಿ ಸಿಗುವುದಿಲ್ಲ, ಬೆಂಕಿ ಹೊಗೆಯಾಡುತ್ತದೆ, ಮತ್ತೆ ಕ್ರಿಯೊಸೋಟಿನ ಕಥೆ ಮೊದಲಾಗುತ್ತದೆ.

ತೆಗೆಯಬೇಕು ಎಂದರೆ ಊಟ ಮುಗಿದ ರಾತ್ರಿಯೇ ಎಂದಲ್ಲ. ಬೂದಿಯ ಕೆಳಗೆ ಹುದುಗಿದ ಕೆಂಡ ಹೊರಗೆ ಏನೂ ತೋರದೆ ದಿನಗಟ್ಟಲೆ ಜೀವಂತವಾಗಿರಬಲ್ಲದು. ಕಿಂಡಿಗಳನ್ನೆಲ್ಲ ಮುಚ್ಚಿ ಎರಡು ದಿನ ತಣಿಯಲು ಬಿಟ್ಟು, ಆಮೇಲೆ ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಮನೆಯಿಂದಲೂ ಮರದ ಡೆಕ್ಕಿನಿಂದಲೂ ಕನಿಷ್ಠ 10 ಅಡಿ ದೂರದಲ್ಲಿಡಬೇಕು. ಕಾಗದದ ಚೀಲ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕಸದ ತೊಟ್ಟಿ ಯಾವುದೂ ಸಲ್ಲದು. 2011ರ ಸೆಪ್ಟೆಂಬರಿನಲ್ಲಿ ಆಸ್ಟಿನ್‌ನ ಪೂರ್ವಕ್ಕಿರುವ ಬ್ಯಾಸ್ಟ್ರಾಪ್ ಕೌಂಟಿಯಲ್ಲಿ 1,600ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಆ ಬೆಂಕಿ ಹೊತ್ತಿದ್ದು ವಿದ್ಯುತ್ ತಂತಿಗಳಿಂದ, ಯಾರ ಸ್ಮೋಕರಿನಿಂದಲೂ ಅಲ್ಲ. ಆದರೆ ಬರದ ವರ್ಷದಲ್ಲಿ ಒಣಹುಲ್ಲಿಗೆ ಬಿದ್ದ ಕಿಡಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಈ ಪ್ರದೇಶ ಅಂದು ಕಂಡಿತು. ಕೌಂಟಿಯ ಬೆಂಕಿ ನಿಷೇಧ ಜಾರಿಯಲ್ಲಿದ್ದಾಗ ಸ್ಮೋಕರ್ ಹಚ್ಚುವ ಮೊದಲು ಅದರ ನಿಯಮಗಳನ್ನು ಓದಿಕೊಳ್ಳುವುದು ನಮ್ಮೆಲ್ಲರ ಹೊಣೆ.

ತಣಿದ ಬೂದಿಯನ್ನು ಗಿಡಗಳ ಬುಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕರಾವಳಿ ಮತ್ತು ಮಲೆನಾಡಿನ ಹುಳಿಯಂಶದ ಕೆಂಪು ಮಣ್ಣಿನಲ್ಲಿ ತೆಂಗಿಗೂ ಬಾಳೆಗೂ ಬೂದಿ ಹಿತ. ಆಸ್ಟಿನ್ ಸುತ್ತಿನ ಸುಣ್ಣಕಲ್ಲಿನ ಮಣ್ಣು ಮೊದಲೇ ಕ್ಷಾರೀಯ. ಅದಕ್ಕೆ ಬೂದಿ ಸುರಿದರೆ ಗಿಡ ಕಬ್ಬಿಣದಂಥ ಪೋಷಕಾಂಶಗಳನ್ನು ಹೀರಲಾರದೆ ಎಲೆ ಹಳದಿಯಾಗುತ್ತದೆ. ಇಲ್ಲಿ ಕಷ್ಟಪಟ್ಟು ಕರಿಬೇವು, ಮಲ್ಲಿಗೆ ಬೆಳೆಸುತ್ತಿರುವವರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಜಿಡ್ಡಿನ ವಿಷಯದಲ್ಲಿ ಉದಾಸೀನ ಮಾಡುವುದು ನೇರವಾಗಿ ಅಪಾಯವನ್ನು ಕರೆದಂತೆ. ಹನ್ನೆರಡು ಗಂಟೆ ಬೇಯುವ ಒಂದು ಬ್ರಿಸ್ಕೆಟ್‌ನಿಂದ (ದನದ ಎದೆಭಾಗದ ಮಾಂಸ) ಇಳಿಯುವ ಕೊಬ್ಬು ಸಣ್ಣ ಪ್ರಮಾಣದ್ದಲ್ಲ. ಅದು ತಳದ ಕೊಳವೆಯ ಮೂಲಕ ಕೆಳಗೆ ತೂಗುವ ಬಕೆಟ್ಟಿಗೆ ಇಳಿಯಬೇಕು. ಕೊಳವೆ ಕಟ್ಟಿಕೊಂಡರೆ ಒಳಗೇ ನಿಲ್ಲುತ್ತದೆ, ಮುಂದಿನ ಬಾರಿ ಕಾವೇರಿದಾಗ ಹೊತ್ತಿಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಲೆಕ್ಕದಂತೆ 2014ರಿಂದ 2018ರವರೆಗೆ ಮನೆಗಳ ಗ್ರಿಲ್ ಮತ್ತು ಬಾರ್ಬೆಕ್ಯೂಗಳಿಂದ ವರ್ಷಕ್ಕೆ ಸರಾಸರಿ 10,600 ಬೆಂಕಿ ಪ್ರಸಂಗಗಳು ವರದಿಯಾಗಿದ್ದವು. ಅವುಗಳಿಗೆ ಕಾರಣವಾದ ಮುಖ್ಯ ಲೋಪಗಳಲ್ಲಿ ಶುಚಿಗೊಳಿಸದಿರುವುದೂ ಒಂದು. ಬೇಯಿಸಿದ ಮರುದಿನ, ಉಕ್ಕು ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ, ತಳದ ಜಿಡ್ಡನ್ನು ಕೆರೆದು ಕಾಗದಕ್ಕೆ ಒರೆಸಿಕೊಂಡು ಕಸಕ್ಕೆ ಹಾಕಬೇಕು. ಬಕೆಟ್ಟಿನ ಕೊಬ್ಬನ್ನು ಸಿಂಕಿನಲ್ಲಿ ಸುರಿಯಬಾರದು. ಒಳಗೆ ಜಿಡ್ಡು ಹೊತ್ತಿಕೊಂಡರೆ ನೀರು ಹಾಕಲೇಬಾರದು. ನೀರು ಉರಿಯುವ ಕೊಬ್ಬಿನೊಳಗೆ ಇಳಿದು ಒಮ್ಮೆಲೇ ಆವಿಯಾಗಿ, ಬೆಂಕಿಯನ್ನು ಸುತ್ತಲೂ ಎರಚುತ್ತದೆ. ಮುಚ್ಚಳವನ್ನೂ ಎಲ್ಲ ಕಿಂಡಿಗಳನ್ನೂ ಮುಚ್ಚಿ ಗಾಳಿ ತಪ್ಪಿಸಿ ದೂರ ನಿಲ್ಲಬೇಕು, ಮಕ್ಕಳನ್ನು ದೂರ ಕಳಿಸಬೇಕು, ಹತೋಟಿ ತಪ್ಪುವಂತಿದ್ದರೆ ತುರ್ತು ಸಂಖ್ಯೆ 911ಕ್ಕೆ ಕರೆಮಾಡಬೇಕು.

ಜಾಲರಿಗಳನ್ನು ಉಜ್ಜುವುದಕ್ಕೆ ತಂತಿಯ ಬ್ರಷ್ಷನ್ನು ನಾನು ಒಪ್ಪುವುದಿಲ್ಲ. ಅದರ ಸಣ್ಣ ತಂತಿಯೆಳೆ ಕಳಚಿ ಜಾಲರಿಗೆ ಅಂಟಿ, ಅಲ್ಲಿಂದ ಆಹಾರದೊಳಗೆ ಸೇರಿ, ಗಂಟಲಿಗೂ ಕರುಳಿಗೂ ಚುಚ್ಚಿಕೊಂಡ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2012ರಲ್ಲೇ ಪ್ರಕಟಿಸಿ ಎಚ್ಚರಿಸಿದೆ. ಜಾಲರಿ ಬಿಸಿಯಾಗಿರುವಾಗ ಮರದ ಕೆರೆಯುವ ಹಲಗೆ, ಉಂಡೆ ಮಾಡಿದ ಅಲ್ಯೂಮಿನಿಯಂ ಹಾಳೆ, ಇಲ್ಲವೇ ಉದ್ದನೆಯ ಫೋರ್ಕಿಗೆ ಚುಚ್ಚಿದ ಅರ್ಧ ಈರುಳ್ಳಿ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಜಾಲರಿಯನ್ನು ಹೊರತೆಗೆದು ಬಿಸಿನೀರು, ಸೋಪು ಹಾಕಿ ತೊಳೆಯಲೂ ಅಡ್ಡಿಯಿಲ್ಲ. ಒಣಗಿಸಿ ಎಣ್ಣೆ ಸವರಿ ಒಳಗಿಡಬೇಕು, ಅಷ್ಟೆ.

ತಿಂಗಳುಗಟ್ಟಲೆ ಮುಚ್ಚಿಟ್ಟ ಸ್ಮೋಕರನ್ನು ತೆರೆದಾಗ ಬಿಳಿ, ಹಸಿರು ಬೂಸಲು ಕಂಡರೆ ಗಾಬರಿ ಬೇಡ, ಆದರೆ ಒರೆಸಿ ಕೂಡಲೇ ಬೇಯಿಸಲೂ ಬೇಡ. ತೇವ, ಕೊಬ್ಬು, ಕತ್ತಲೆ ಮೂರೂ ಸೇರಿದಲ್ಲಿ ಬೂಸಲು ಬರುವುದು ಸಹಜ. ಬೇಯಿಸುವಾಗ ಒಳಗಿಡುವ ನೀರಿನ ತಟ್ಟೆಯನ್ನು ಖಾಲಿ ಮಾಡದೆ ಬಿಟ್ಟವರಲ್ಲಿ ಇದು ಬೇಗ ಬರುತ್ತದೆ. ಮೂಗಿಗೆ ಮಾಸ್ಕ್ ಧರಿಸಿ ಮೊದಲು ಜಿಡ್ಡು, ಹಳೆಯ ಬೂದಿ, ಉಳಿದ ಇದ್ದಿಲು ಎಲ್ಲವನ್ನೂ ತೆಗೆದುಹಾಕಿ, ಬಳಿಕ ಸುಮಾರು 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಒಂದು ಗಂಟೆಯಾದರೂ ಖಾಲಿಯಾಗಿ ಉರಿಸಿ, ತಣಿದ ಮೇಲೆ ಕೆರೆದು ಒರೆಸಿ, ಹೊಸ ಸ್ಮೋಕರಿನಂತೆಯೇ ಮತ್ತೊಮ್ಮೆ ಎಣ್ಣೆ ಸವರಿ ಪಳಗಿಸಬೇಕು. ಜಿಡ್ಡು ತೆಗೆಯುವ ಮೊದಲೇ ಜೋರಾಗಿ ಉರಿಸಿದರೆ ಮೇಲೆ ಹೇಳಿದ ಬೆಂಕಿಯೇ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

ಪೆಲೆಟ್ ಸ್ಮೋಕರ್, ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ಉರಿಸುವ ಸ್ಮೋಕರ್, ಇರುವವರು ಎರಡು ಸಂಗತಿಗಳನ್ನು ನೆನಪಿಟ್ಟರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಪೆಲೆಟ್‌ಗಳು ತೇವ ಹೀರಿದರೆ ಉಬ್ಬಿ, ಪುಡಿಯಾಗಿ, ಅವನ್ನು ತಳ್ಳುವ ಸುರುಳಿಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತವೆ. ಬಹುಕಾಲ ಬಳಸುವುದಿಲ್ಲವೆಂದಾದರೆ ಅವನ್ನು ತೆಗೆದು ಮುಚ್ಚಿದ ಡಬ್ಬಿಯಲ್ಲಿಡಬೇಕು. ಬೆಂಕಿ ಹೊತ್ತುವ ಪುಟ್ಟ ಬಟ್ಟಲಿನ ಬೂದಿಯನ್ನು ಪೂರ್ತಿ ತಣಿದ ಮೇಲೆ ಬೂದಿಗೆಂದೇ ಇರುವ ವ್ಯಾಕ್ಯೂಮಿನಿಂದ ತೆಗೆಯುತ್ತಿರಬೇಕು.

ಮುಚ್ಚಳದ ಮೇಲಿನ ಥರ್ಮಾಮೀಟರಿನ ಕಡ್ಡಿಗೆ ಮಸಿ ಕಟ್ಟಿದರೆ ಅದು ಸುಳ್ಳು ಹೇಳುತ್ತದೆ. ಆಗಾಗ ಒರೆಸಿ, ಕುದಿಯುವ ನೀರಿನಲ್ಲಿ ಇಟ್ಟು ಅದು ಹೆಚ್ಚುಕಡಿಮೆ 212 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆಯೇ ಎಂದು ನೋಡಬೇಕು. ಕೋಳಿಮಾಂಸ ಒಳಗೆ 165 ಡಿಗ್ರಿ ಮುಟ್ಟಿದೆಯೇ ಎಂಬುದನ್ನು ಮಾತ್ರ ಮಾಂಸಕ್ಕೇ ಚುಚ್ಚುವ ಬೇರೆ ಥರ್ಮಾಮೀಟರಿನಿಂದ ತಿಳಿಯಬೇಕು. ನೂರು ಜನ ಉಣ್ಣುವ ಕೂಟದಲ್ಲಿ ಅಂದಾಜಿಗೆ ಜಾಗವಿಲ್ಲ. ಹೊರಮೈಯ ತುಕ್ಕನ್ನು ಕಂಡ ಕೂಡಲೇ ಉಕ್ಕು ಕಾಣುವವರೆಗೆ ಉಪ್ಪುಕಾಗದದಿಂದ ತಿಕ್ಕಿ, ಹೆಚ್ಚಿನ ಕಾವು ತಾಳುವ ಬಣ್ಣ ಬಳಿಯಬೇಕು. ಫೈರ್‌ಬಾಕ್ಸಿನ ಹೊರಗೆ ಯಾವ ಬಣ್ಣವೂ ಬಹುಕಾಲ ನಿಲ್ಲದ ಕಾರಣ, ಅಲ್ಲಿ ಬೆಚ್ಚಗಿರುವಾಗ ಎಣ್ಣೆ ಒರೆಸುವುದೇ ಸುಲಭದ ದಾರಿ. ಮಳೆಯ ಹೊದಿಕೆಯನ್ನು ಪೂರ್ತಿ ತಣಿದು ಒಣಗಿದ ಮೇಲಷ್ಟೇ ಹಾಕಬೇಕು.

ಸಂಘದ ಸ್ಮೋಕರನ್ನು ಎರವಲು ಪಡೆಯುವ ಸದಸ್ಯರಲ್ಲಿ ಕೊನೆಯದಾಗಿ ಎರಡು ಕೋರಿಕೆಗಳಿವೆ. ನಮ್ಮಲ್ಲಿ ಮಾಂಸಾಹಾರಿಗಳೂ ಸಸ್ಯಾಹಾರಿಗಳೂ ಒಂದೇ ಮರದಡಿ ಕುಳಿತು ಉಣ್ಣುತ್ತೇವೆ. ಗೊಜ್ಜಿಗೆಂದು ಬದನೆಕಾಯಿಯನ್ನು, ಜೊತೆಗೆ ಜೋಳದ ತೆನೆ, ಪನೀರುಗಳನ್ನು ಹೊಗೆಗಿಡುವ ಸದಸ್ಯರು ತಮ್ಮ ಊಟದ ಬಗ್ಗೆ ನಿಶ್ಚಿಂತರಾಗಿರಬೇಕು ಎಂಬುದಕ್ಕಾಗಿ ಸಂಘವು ಎರಡು ಜೊತೆ ಜಾಲರಿಗಳನ್ನು ಇಟ್ಟಿದೆ. ಹಸಿರು ಪಟ್ಟಿ ಕಟ್ಟಿದ ಜೊತೆಯ ಮೇಲೆ ಮಾಂಸ ಇಡಬಾರದು, ಎರಡನ್ನೂ ಒಂದೇ ನೀರಿನಲ್ಲಿ ತೊಳೆಯಬಾರದು. ಒಲೆಯೊಂದೇ ಆದ್ದರಿಂದ ಆಕ್ಷೇಪವಿರುವವರಿಗಾಗಿ ಸಸ್ಯಾಹಾರವನ್ನು ಬೇರೆ ಸಣ್ಣ ಕೆಟಲ್ ಗ್ರಿಲ್‌ನಲ್ಲಿ ಬೇಯಿಸುವ ವ್ಯವಸ್ಥೆಯೂ ಮುಂದುವರಿಯುತ್ತದೆ. ಎರಡನೆಯದಾಗಿ, ಶನಿವಾರ ಒಯ್ದವರು ಭಾನುವಾರವೇ ಬಿಸಿ ಬೂದಿಯ ಸಮೇತ ಹಿಂತಿರುಗಿಸುವ ಅವಸರ ಮಾಡಬಾರದು. ಮಂಗಳವಾರದವರೆಗೆ ಇಟ್ಟುಕೊಂಡು, ಬೂದಿ ಮತ್ತು ಜಿಡ್ಡು ತೆಗೆದು, ನೀರಿನ ತಟ್ಟೆ ಒಣಗಿಸಿ, ಹೊಗೆಕೊಳವೆಯ ಮುಚ್ಚಳ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿ, ಏನಾದರೂ ಸಡಿಲವಾಗಿದ್ದರೆ ಅದನ್ನು ಮುಂದಿನ ಕುಟುಂಬಕ್ಕೆ ತಿಳಿಸಿ ಒಪ್ಪಿಸಬೇಕು.