ಬಾಟಲಿ ಹೋಗಿ ಪ್ಯಾಕ್ ಬರುತ್ತಿದೆ

ನಮ್ಮ ಸೋಯಾ ಹಾಲಿನ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಿಮಗೆ ಗಾಜಿನ ಬಾಟಲಿ ಬರುವುದಿಲ್ಲ, ಟೆಟ್ರಾ ಪ್ಯಾಕ್ ಬರುತ್ತದೆ. ರುಚಿಯೂ ಸ್ವಲ್ಪ ಬೇರೆ ಇರುತ್ತದೆ. ಕುಡಿದ ಮೇಲೆ ಗಾಬರಿಯಾಗುವುದು ಬೇಡ ಅಂತ ಮೊದಲೇ ಬರೆಯುತ್ತಿದ್ದೇವೆ.

ಅಮ್ಮ ಇದನ್ನು ಶುರು ಮಾಡಿದ್ದು ಅಡುಗೆಮನೆಯಲ್ಲಿ. ರಾತ್ರಿ ಕಾಳು ನೆನೆಹಾಕಿ, ನಸುಕಿನಲ್ಲಿ ತಣ್ಣೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕುದಿಸಿ ಬಾಟಲಿಗೆ ತುಂಬುತ್ತಿದ್ದರು. ಒಂದು ಕಿಲೋ ಕಾಳಿಗೆ 7-8 ಲೀಟರ್ ಹಾಲು ಸಿಗುತ್ತದೆ. ಅಪ್ಪ ಮನೆಮನೆಗೆ ಹಂಚುತ್ತಿದ್ದರು.

ಕೇಳುವವರು ಜಾಸ್ತಿಯಾದಾಗ ನಾವು ಪಾತ್ರೆ ದೊಡ್ಡದು ಮಾಡಿದೆವು, ವಿಧಾನ ಬದಲಿಸಲಿಲ್ಲ. ಎಡವಿದ್ದು ಅಲ್ಲೇ. ಸೋಯಾ ಹಾಲು ಕುದಿಯುವ ಮೊದಲೇ ನೊರೆಯೆದ್ದು ಉಕ್ಕುತ್ತದೆ. ನೋಡಿದವರಿಗೆ ಕುದಿ ಬಂದ ಹಾಗೇ ಕಾಣುತ್ತದೆ, ಬಂದಿರುವುದಿಲ್ಲ. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗಲು ಅಡ್ಡಿ ಮಾಡುವ ಅಂಶವೊಂದಿದೆ. ಅದು ಹೋಗಬೇಕಾದರೆ ನೊರೆ ಅಡಗಿದ ಮೇಲೂ ಚೆನ್ನಾಗಿ ಕುದಿಯಬೇಕು. ಚಿಕ್ಕ ಪಾತ್ರೆಯಾದರೆ ಅಮ್ಮ ಸೌಟು ಹಿಡಿದು ನಿಂತಿರುತ್ತಿದ್ದರು. ದೊಡ್ಡ ಪಾತ್ರೆಗಳ ಸಾಲಿನ ಮುಂದೆ ಒಬ್ಬರೇ ಎಷ್ಟು ಹೊತ್ತು ನಿಲ್ಲುವುದು? ಮೇಲಾಗಿ ಕಳೆದ ಬೇಸಿಗೆಯಲ್ಲಿ ಹಲವು ಬಾಟಲಿಗಳು ದಾರಿಯಲ್ಲೇ ಹುಳಿಯಾದವು. ತಪ್ಪು ನಮ್ಮದೇ.

ಇನ್ನು ಮುಂದೆ ಕಾಳನ್ನು ಕುದಿಯುವ ನೀರಿನಲ್ಲೇ ರುಬ್ಬುತ್ತೇವೆ. ಸೋಯಾದ ಆ ಹಸಿ ವಾಸನೆ ಕಾಳಿನಲ್ಲಿ ಮೊದಲೇ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಲಿಪಾಕ್ಸಿಜನೇಸ್ ಎಂಬ ಕಿಣ್ವ ಕಾಳಿನೊಳಗಿನ ಎಣ್ಣೆಯ ಮೇಲೆ ಕೆಲಸ ಮಾಡಿ ಅದನ್ನು ಹುಟ್ಟಿಸುತ್ತದೆ. ನೀರು ಅಷ್ಟು ಬಿಸಿ ಇದ್ದರೆ ಕಿಣ್ವಕ್ಕೆ ಆ ಅವಕಾಶ ಸಿಗುವುದಿಲ್ಲ. ಆ ವಾಸನೆಯೇ ಇಷ್ಟ ಅನ್ನುವವರು ನಿಮ್ಮಲ್ಲಿ ಕೆಲವರಿದ್ದೀರಿ, ಗೊತ್ತು. ಅಮ್ಮನೂ ಅದೇ ಗುಂಪು. ಹೊಸ ಹಾಲು ಕುಡಿದು "ಚೆನ್ನಾಗಿದೆ, ಆದ್ರೆ ಸೋಯಾ ಎಲ್ಲಿ?" ಅಂದರು.

ಆಮೇಲೆ ಹಾಲನ್ನು ಸುಮಾರು 140 ಡಿಗ್ರಿಗೆ ಕೆಲವೇ ಸೆಕೆಂಡು ಕಾಯಿಸಿ, ಕ್ರಿಮಿಯಿಲ್ಲದ ಪ್ಯಾಕ್‌ಗೆ ತುಂಬಿ ಮುಚ್ಚುತ್ತೇವೆ. ಕೆಡದಂತೆ ಬೇರೆ ಏನೂ ಸೇರಿಸಬೇಕಿಲ್ಲ. ತೆರೆಯುವ ತನಕ ಫ್ರಿಜ್ ಬೇಡ. ತೆರೆದ ಮೇಲೆ ಮಾತ್ರ ಫ್ರಿಜ್‌ನಲ್ಲೇ ಇಡಿ, ಮೂರು ದಿನದೊಳಗೆ ಮುಗಿಸಿ. ಸೋಯಾ ಹಾಲಿನಲ್ಲಿ ಸಹಜವಾಗಿ ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಈಗ ಸೇರಿಸುತ್ತಿದ್ದೇವೆ. ಅದು ತಳದಲ್ಲಿ ಕೂರುತ್ತದೆ. ಚೆನ್ನಾಗಿ ಅಲ್ಲಾಡಿಸಿ ಕುಡಿಯಿರಿ, ಇಲ್ಲವಾದರೆ ಸೇರಿಸಿದ್ದು ಸುಮ್ನೆ, ಅಲ್ವಾ? ಸೋಯಾ ಅಲರ್ಜಿ ಇರುವವರಿಗೆ ಇದೂ ಆಗದು.

ಪ್ಯಾಕ್ ಬೇಡವೆಂದು ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. 1940ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರುವಾದ ವಿಟಾಸಾಯ್ ಎಂಬ ಸೋಯಾ ಹಾಲಿನ ಕಂಪನಿ ಕೂಡ ಮೊದಲು ಸೈಕಲ್ ಮೇಲೆ ಮನೆಮನೆಗೆ ಹಾಲು ಹಂಚುತ್ತಿತ್ತು, 1975ರಲ್ಲಿ ಪ್ಯಾಕ್‌ಗೆ ಬಂತು ಅಂತ ನಾನು ಹೇಳಿದೆ. "ಹಾಗಾದ್ರೆ ನಮಗೂ 35 ವರ್ಷ ಟೈಮ್ ಇದೆ" ಅಂದರು ಅಪ್ಪ.

ನಿಮ್ಮಲ್ಲಿರುವ ಖಾಲಿ ಬಾಟಲಿಗಳನ್ನು ಈ ತಿಂಗಳ ಕೊನೆಯೊಳಗೆ ತೊಳೆದು ಕೊಡಿ, ಠೇವಣಿ ಹಣ ಅಲ್ಲೇ ವಾಪಸ್ ಕೊಡುತ್ತೇವೆ. ದನಗಳಿಗೆ ಚರಟ ಒಯ್ಯುತ್ತಿದ್ದವರು ಎಂದಿನಂತೆ ಬರಬಹುದು. ಈಗ ಬೆಳಿಗ್ಗೆ ಐದಕ್ಕಲ್ಲ, ಒಂಬತ್ತಕ್ಕೆ ಬನ್ನಿ.