ಮಗಳಿಗೊಂದು ಪತ್ರ: ‘ನಾಟ್ ವರ್ಕಿಂಗ್’ ಅಂದರೆ ಸಾಲದು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ ‘ಹೂಂ ಅಪ್ಪ, ಹೂಂ ಅಪ್ಪ’ ಅನ್ನುತ್ತೀಯ, ಇಟ್ಟ ಮೇಲೆ ಮರೆಯುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಮೊದಲು ಕೆಲಸದ ಮಾತು. ಟಚ್‌ಪ್ಯಾಡ್ ಉಬ್ಬಿದೆ ಅಂದೆಯಲ್ಲ, ಆ ಲ್ಯಾಪ್‌ಟಾಪನ್ನು ಇನ್ನು ಚಾರ್ಜಿಗೆ ಹಾಕಬೇಡ. ಆಫ್ ಮಾಡಿ, ಹಾಸಿಗೆ ದಿಂಬುಗಳಿಂದ ದೂರ ಇಡು. ಮೇಲೆದ್ದ ಟಚ್‌ಪ್ಯಾಡನ್ನು ಒತ್ತಿ ಕೂರಿಸಲು ಹೋಗಬೇಡ.

ಸರ್ವಿಸ್ ಸೆಂಟರಿಗೆ ನೀನು ಕಳಿಸಿದ ಮೇಲ್ ಓದಿದೆ. ‘ಟಚ್‌ಪ್ಯಾಡ್ ನಾಟ್ ವರ್ಕಿಂಗ್’, ಅಷ್ಟೇ. ಅವರು ‘ಡ್ರೈವರ್ ಅಪ್‌ಡೇಟ್ ಮಾಡಿ’ ಅಂದಿದ್ದಾರೆ. ಡ್ರೈವರ್ ಅಂದರೆ ಟಚ್‌ಪ್ಯಾಡನ್ನು ನಡೆಸುವ ಸಾಫ್ಟ್‌ವೇರ್. ಅವರನ್ನು ಬೈದು ಏನು ಬಂತು? ನೀನು ಕೇಳಿದ್ದಕ್ಕೆ ಸಿಗುವ ಉತ್ತರವೇ ಅದು. ನಿನ್ನೆ ನನ್ನ ಹತ್ತಿರ ಮಾತ್ರ ‘ಒಂದು ಕಡೆ ಉಬ್ಬಿದ ಹಾಗಿದೆ, ಕ್ಲಿಕ್ ಆಗ್ತಿಲ್ಲ’ ಅಂದೆ. ಆಗಲೇ ಅನುಮಾನ ಬಂತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಟಚ್‌ಪ್ಯಾಡಿನ ಕೆಳಗೋ ಪಕ್ಕದಲ್ಲೋ. ಲಿಥಿಯಂ ಬ್ಯಾಟರಿ ಕೆಟ್ಟರೆ ಒಳಗೆ ಗ್ಯಾಸ್ ತುಂಬಿ ಊದಿಕೊಳ್ಳುತ್ತದೆ, ಮೇಲಿದ್ದದ್ದನ್ನು ತಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ವೋಲನ್ ಬ್ಯಾಟರಿ’ ಅನ್ನುತ್ತಾರೆ. ಟಚ್‌ಪ್ಯಾಡ್ ಒಂದು ಕಡೆ ‘ರೈಸ್ಡ್’ ಆಗಿದೆ, ‘ಸ್ವೋಲನ್ ಬ್ಯಾಟರಿ’ ಇರಬಹುದು ಅಂತ ಬರೆ. ಪಕ್ಕದಿಂದ ತೆಗೆದ ಫೋಟೋ ಹಾಕು.

‘ಬ್ರೋಕನ್’ ಅಂತ ಮಾತ್ರ ಬರೆಯಬೇಡ. ಬೀಳಿಸಿ ಒಡೆದಿದ್ದೀಯ ಅಂತ ಅರ್ಥ ಮಾಡಿಕೊಂಡು ‘ಫಿಸಿಕಲ್ ಡ್ಯಾಮೇಜ್’ ಅಂತ ಹಾಕಿಬಿಟ್ಟರೆ ವಾರಂಟಿಗೆ ಒದ್ದಾಡಬೇಕಾಗುತ್ತದೆ.

ನಮ್ಮ ರಿಪೇರಿ ಅಂಗಡಿಗೆ ಬರುವವರೂ ನಿನ್ನ ಹಾಗೆಯೇ. ‘ಹಾಳಾಗಿದೆ, ನೋಡಿ’ ಅಂತ ಫೋನನ್ನು ಟೇಬಲ್ ಮೇಲಿಟ್ಟು ಟೀ ಕುಡಿಯಲು ಹೋಗುತ್ತಾರೆ. ಲೈಟೂ ಇಲ್ಲ, ಶಬ್ದವೂ ಇಲ್ಲ ಅಂದರೆ ನಮ್ಮ ಭಾಷೆಯಲ್ಲಿ ಅದು ‘ಡೆಡ್’. ರಿಂಗ್ ಆಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು ಅಂದರೆ ‘ನೋ ಡಿಸ್‌ಪ್ಲೇ’. ಗಿರಾಕಿಗೆ ಎರಡೂ ‘ಆನ್ ಆಗ್ತಿಲ್ಲ’ ಅಷ್ಟೇ. ನಾನು ಹುಡುಕುವ ಜಾಗ ಬೇರೆ ಬೇರೆ, ಬಿಲ್ಲೂ ಬೇರೆ.

‘ಹ್ಯಾಂಗ್’ ಅನ್ನುವ ಪದವನ್ನಂತೂ ನಾವು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತೇವೆ. ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ತೆರೆದುಕೊಂಡರೆ ಅದು ‘ಲ್ಯಾಗ್’. ಸ್ಕ್ರೀನ್ ಕಲ್ಲಿನ ಹಾಗೆ ನಿಂತೇ ಬಿಟ್ಟರೆ ‘ಫ್ರೀಜ್’. ಆ್ಯಪ್ ತಾನಾಗಿ ಮುಚ್ಚಿಕೊಂಡರೆ ‘ಕ್ರ್ಯಾಶ್’. ಇವೆಲ್ಲಕ್ಕಿಂತ ನನಗೆ ಇಷ್ಟದ ಪದ ‘ಇಂಟರ್‌ಮಿಟೆಂಟ್’. ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆ. ಮನೆಯಲ್ಲಿ ಸತಾಯಿಸುತ್ತದೆ, ಅಂಗಡಿಗೆ ತಂದ ಕೂಡಲೇ ಸರಿಯಾಗುತ್ತದೆ. ರಾತ್ರಿಯಿಡೀ ಅತ್ತು, ಬೆಳಿಗ್ಗೆ ಡಾಕ್ಟರ ಮುಂದೆ ನಗುವ ಮಗುವಿನ ಹಾಗೆ. ನೀನೂ ಹಾಗೇ ಮಾಡುತ್ತಿದ್ದೆ! ಅಂಥದ್ದಕ್ಕೆ ಈ ಪದ ಬರೆದು, ಯಾವಾಗ ಬರುತ್ತದೆ ಅಂತಲೂ ಸೇರಿಸು: ಬಿಸಿಯಾದಾಗಲೋ, ಚಾರ್ಜಿಗೆ ಹಾಕಿದಾಗಲೋ. ಬಂದಾಗ ಒಂದು ವಿಡಿಯೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಮ್ಮನದು ಬೇರೆ ಕಥೆ. ‘ಫ್ರೀ ಟ್ರಯಲ್’ ಅಂತ ಒಂದು ಆ್ಯಪ್ ಹಾಕಿಕೊಂಡಳು, ಬೇಡವಾದಾಗ ‘ಅನ್‌ಇನ್‌ಸ್ಟಾಲ್’ ಮಾಡಿದಳು. ದುಡ್ಡು ಮಾತ್ರ ತಿಂಗಳು ತಿಂಗಳೂ ಕಟ್ ಆಗುತ್ತಲೇ ಇತ್ತು. ಅನ್‌ಇನ್‌ಸ್ಟಾಲ್ ಅಂದರೆ ಫೋನಿನಿಂದ ತೆಗೆಯುವುದಷ್ಟೇ. ಸಬ್‌ಸ್ಕ್ರಿಪ್ಷನ್ ಬೇರೆ ‘ಕ್ಯಾನ್ಸಲ್’ ಮಾಡಬೇಕು. ಯುಪಿಐ ಆ್ಯಪಿನ ‘ಆಟೋಪೇ’ಯಲ್ಲಿ, ಅಂದರೆ ತಾನಾಗಿ ದುಡ್ಡು ಕಟ್ ಆಗಲು ಒಪ್ಪಿಗೆ ಕೊಟ್ಟವುಗಳ ಪಟ್ಟಿಯಲ್ಲಿ, ಅದು ಸುಮ್ನೆ ಕೂತಿತ್ತು. ನಿನ್ನದನ್ನೂ ಒಮ್ಮೆ ನೋಡಿಕೋ, ಅಲ್ಲಿ ಏನೇನಿದೆಯೋ.

ಹೊಸ ಮೇಲ್ ಕಳಿಸುವ ಮೊದಲು ನನಗೊಮ್ಮೆ ತೋರಿಸು. ಗ್ರಾಮರ್ ನೋಡಲಿಕ್ಕಲ್ಲ, ಅದರಲ್ಲಿ ನೀನೇ ನನಗಿಂತ ಜಾಣೆ. ಫೋಟೋದಲ್ಲಿ ಉಬ್ಬು ಸರಿಯಾಗಿ ಕಾಣುತ್ತದೋ ಇಲ್ಲವೋ ನೋಡಬೇಕು.

ಇಂತಿ,
ಅಪ್ಪ